ಮದ್ರಾಸ್ ತಾರಸಿಯ ಮೇಲಿನ ತೋಟ, ಅಡುಗೆಮನೆಯ ಸೋರಿಕೆ, ಅಮ್ಮನ ಕೆಮ್ಮು

ಅವರೆಚಪ್ಪರ | ಚಾಮರಾಜಪುರಂ, ಮೈಸೂರು | ಅಕ್ಟೋಬರ್ 19

ತಾರಸಿ ತೋಟದ ಗೆಳೆಯರಿಗೆಲ್ಲ ನಮಸ್ಕಾರ. ಇಷ್ಟು ದಿನ ಗಿಡದ ವಿಷಯ ಕೇಳುತ್ತಿದ್ದೆ. ಈ ಬಾರಿ ಗಿಡಗಳು ನಿಂತಿರುವ ಜಾಗದ ವಿಷಯವನ್ನೇ ಕೇಳಬೇಕಾಗಿ ಬಂದಿದೆ.

ನಮ್ಮದು ತಾತ 1936ರಲ್ಲಿ ಕಟ್ಟಿಸಿದ ಮನೆ. ನಡುಮನೆ, ಅಡುಗೆಮನೆ ಮತ್ತು ಅದರ ಪಕ್ಕದ ಕೋಣೆಗಳ ಮೇಲೆ ತೇಗದ ಜಂತೆಯ ಮದ್ರಾಸ್ ತಾರಸಿ ಇದೆ. ಆರು ವರ್ಷದಿಂದ ಅದರ ಮೇಲೆ ತೋಟ ಮಾಡಿಕೊಂಡಿದ್ದೇವೆ. ಇಪ್ಪತ್ತು ಲೀಟರಿನ ಬಣ್ಣದ ಬಕೆಟ್ಟುಗಳು ನಲವತ್ತು, ನೂರು ಲೀಟರಿನ ಡ್ರಮ್ಮುಗಳು ಎಂಟು, ಸಣ್ಣ ಕುಂಡಗಳು ಹತ್ತು, ಒಟ್ಟು 58. ಇವುಗಳ ನಡುವೆ ಅವರೆಯ ಚಪ್ಪರ. ಅದರ ಬೀಜವನ್ನು ಅಮ್ಮ ತವರಿನಿಂದ ತಂದು, ಪ್ರತಿ ವರ್ಷ ಬೂದಿ ಸವರಿ ಎತ್ತಿಟ್ಟು, ಆಷಾಢದಲ್ಲಿ ಬಿತ್ತುತ್ತಾರೆ.

ಮೂರು ವರ್ಷದ ಹಿಂದೆ ಅಡುಗೆಮನೆಯ ಈಶಾನ್ಯ ಮೂಲೆಯಲ್ಲಿ ಮೊದಲ ಸಲ ನೀರು ಇಳಿಯಿತು. ಆಗ ಗುತ್ತಿಗೆದಾರರೊಬ್ಬರು ತಾರಸಿಯ ಮೇಲೆ ಸಿಮೆಂಟು ಹಾಸಿ, ಅದರ ಮೇಲೆ ಬಿಳಿಯ ರಾಸಾಯನಿಕ ಲೇಪ ಬಳಿದರು. ಒಳಗೋಡೆಯ ಹಳೆಯ ಗಾರೆಯನ್ನು ಕಿತ್ತು ಸಿಮೆಂಟು ಮೆತ್ತಿ, ತೇವ ತಡೆಯುವುದೆಂದು ಹೇಳಿ ದಪ್ಪ ಬಣ್ಣ ಹೊಡೆದರು. ಎರಡು ವರ್ಷ ಎಲ್ಲವೂ ಸರಿಯಾಗಿರುವಂತೆಯೇ ಕಂಡಿತು. ಈ ವರ್ಷ ದಸರಾ ಮುಗಿದ ವಾರ ಚಿತ್ತೆ ಮಳೆ ಹಿಡಿದಾಗ ಅದೇ ಮೂಲೆಯಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಒಡೆದು, ಒಂದು ಚಮಚದಷ್ಟು ಕಂದು ನೀರು ಕೈಮೇಲೆ ಇಳಿಯಿತು. ಹಿಂದೆ ಗೋಡೆಯ ಮೇಲೆ ಅರಳೆಯ ಹಾಗೆ ಬಿಳಿಯ ಉಪ್ಪು ಅರಳಿ ನಿಂತಿತ್ತು.

ಆ ಮೂಲೆಯ ಕೆಳಗೇ ನಮ್ಮ ದಿನಸಿಯ ಗೂಡು. ರಾಗಿ ಹಿಟ್ಟಿಗೆ ಮುಗ್ಗಲು ವಾಸನೆ ಬಂದಿದೆ, ಎರಡು ಗಿಟುಕು ಕೊಬ್ಬರಿಗೆ ಹಸಿರು ಬೂಷ್ಟು ಹಿಡಿದಿದೆ, ಕಡಲೆಕಾಯಿ ಬೀಜ ಮೆತ್ತಗಾಗಿದೆ. ಎಲ್ಲಕ್ಕಿಂತ ಹೆಚ್ಚಿನ ಚಿಂತೆ ಅಮ್ಮನದು. ಅವರಿಗೆ 74 ವರ್ಷ. ರಕ್ತದೊತ್ತಡವಿದೆ, ಸಕ್ಕರೆ ಅಂಶವೂ ಸ್ವಲ್ಪ ಇದೆ. ಐದು ವಾರದಿಂದ ಒಣಕೆಮ್ಮು. ರಾತ್ರಿ ಹೊತ್ತು ಹೆಚ್ಚು. ಅವರು ಮಲಗುವುದು ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ.

ತೋಟವನ್ನು ಪೂರ್ತಿ ತೆಗೆಯಬೇಕೆಂದು ತಮ್ಮ ಹೇಳುತ್ತಾನೆ. ಗೋಡೆಗೆ ಟೈಲ್ಸ್ ಹಾಕಿಸಿದರೆ ಮುಗಿಯಿತೆಂದು ಬಣ್ಣದವರು ಹೇಳುತ್ತಾರೆ. ಜಂತೆಗಳನ್ನು ಇಳಿಸಿ ಕಾಂಕ್ರೀಟು ಹಾಕಿಸಿ ಎಂಬುದು ಪಕ್ಕದ ಮನೆಯವರ ಸಲಹೆ. ಅವರೆ ಈಗಷ್ಟೇ ಹೂ ಬಿಟ್ಟಿದೆ, ಈಗ ಚಪ್ಪರ ಕೀಳಬಾರದು ಎಂದು ಅಮ್ಮ ಕೇಳಿಕೊಳ್ಳುತ್ತಿದ್ದಾರೆ. ಸೋರಿಕೆಗೆ ತೋಟವೇ ಕಾರಣವೇ? ಕೆಮ್ಮಿಗೂ ಗೋಡೆಯ ತೇವಕ್ಕೂ ಸಂಬಂಧವಿದೆಯೇ? ಗೂಡಿನಲ್ಲಿದ್ದುದರಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು? ಬಲ್ಲವರು ದಯವಿಟ್ಟು ತಿಳಿಸಿ.

ತೊಲೆಜಂತೆ | ಕುವೆಂಪುನಗರ, ಮೈಸೂರು | ಅಕ್ಟೋಬರ್ 19

ನಾನು ಸಿವಿಲ್ ಎಂಜಿನಿಯರ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಹಳೆಯ ಮನೆಗಳ ದುರಸ್ತಿಯಲ್ಲಿ ಕೈಯಾಡಿಸಿದ ಅನುಭವದಿಂದ ಹೇಳುತ್ತಿದ್ದೇನೆ. ಮೊದಲು ಒಂದು ಮಾತು: ಜಂತೆ ಇಳಿಸಿ ಕಾಂಕ್ರೀಟು ಹಾಕಿಸುವ ನಿರ್ಧಾರವನ್ನು ಈಗ ಮಾಡಬೇಡಿ. ಒಂದು ಮೂಲೆ ಸೋರಿತೆಂದು ತೊಂಬತ್ತು ವರ್ಷ ಬಾಳಿದ ಸೂರನ್ನು ಕೀಳುವುದು ಹಲ್ಲುನೋವಿಗೆ ದವಡೆ ತೆಗೆಸಿದಂತೆ.

ಮದ್ರಾಸ್ ತಾರಸಿ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಅದು ಎಲ್ಲಿ ಕೆಡುತ್ತದೆಂಬುದೂ ತಿಳಿಯುತ್ತದೆ. ಗೋಡೆಯಿಂದ ಗೋಡೆಗೆ ಒಂದು, ಒಂದೂವರೆ ಅಡಿಗೊಂದರಂತೆ ತೇಗದ ಜಂತೆಗಳು ಕೂತಿರುತ್ತವೆ. ಅವುಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಅಂಚು ನಿಲ್ಲಿಸಿ, ಓರೆ ಸಾಲಿನಲ್ಲಿ ಸುಣ್ಣದ ಗಾರೆಯಿಂದ ಕೂರಿಸಿರುತ್ತಾರೆ. ಅದರ ಮೇಲೆ ಮೂರು ನಾಲ್ಕು ಅಂಗುಲದಷ್ಟು ಇಟ್ಟಿಗೆ ಜಲ್ಲಿ ಮತ್ತು ಗಾರೆಯ ಹಾಸು, ಎಲ್ಲಕ್ಕಿಂತ ಮೇಲೆ ಚಪ್ಪಟೆ ಬಿಲ್ಲೆಗಳು. ಈ ಸೂರು ಬಿಸಿಲಿಗೆ ಹಿಗ್ಗುತ್ತದೆ, ಮಳೆಗೆ ತುಸು ನೀರು ಹೀರುತ್ತದೆ, ಬಿಸಿಲು ಬಂದ ಮೇಲೆ ಅದನ್ನು ಬಿಟ್ಟುಕೊಡುತ್ತದೆ. ಭಾರ ಬಿದ್ದಾಗ ಮರ ಸ್ವಲ್ಪ ಬಾಗುತ್ತದೆ, ಗಾರೆಯೂ ಅದರ ಜೊತೆ ಹೊಂದಿಕೊಳ್ಳುತ್ತದೆ. ಸಿಮೆಂಟು ಹಾಗಲ್ಲ. ಅದು ಬಿರುಸು. ಬಾಗುವ ಸೂರಿನ ಮೇಲೆ ಬಾಗದ ಹಾಸು ಬಿದ್ದರೆ ಕೂದಲೆಳೆಯ ಬಿರುಕುಗಳು ಬಿಟ್ಟೇ ಬಿಡುತ್ತವೆ. ಆ ಬಿರುಕಿನಲ್ಲಿ ಇಳಿದ ನೀರು ಸಿಮೆಂಟಿನ ಕೆಳಗೆ ಸಿಕ್ಕಿಬಿದ್ದು, ಮೇಲಕ್ಕೆ ಆರಲು ದಾರಿಯಿಲ್ಲದೆ ಕೆಳಕ್ಕೇ ಹೋಗುತ್ತದೆ. ಗೋಡೆಯ ಕತೆಯೂ ಅದೇ. ಸಿಮೆಂಟು ಮತ್ತು ದಪ್ಪ ಬಣ್ಣ ಸೇರಿ ಗೋಡೆಯ ಉಸಿರು ಕಟ್ಟಿವೆ. ಇಟ್ಟಿಗೆಯೊಳಗಿನ ನೀರು ಹೊರಬರುವಾಗ ತನ್ನೊಂದಿಗೆ ಉಪ್ಪನ್ನೂ ತರುತ್ತದೆ, ಬಣ್ಣದ ಹಿಂದೆ ಆ ಉಪ್ಪು ಹರಳಾಗಿ ಬಲಿತು ಬಣ್ಣವನ್ನು ನೂಕುತ್ತದೆ. ನೀವು ಕಂಡ ಅರಳೆ ಅದೇ. ಇದರ ಮೇಲೆ ಟೈಲ್ಸ್ ಹಾಕಿಸಿದರೆ ತೇವ ಕಣ್ಣಿಗೆ ಕಾಣದೆ ಇನ್ನೂ ಮೇಲೆ ಹತ್ತುತ್ತದೆ.

ಸುಣ್ಣವೆಂದರೆ ದುರ್ಬಲ ವಸ್ತುವೆಂಬ ಭಾವನೆ ಈಗಿನವರಲ್ಲಿದೆ. ಮಂಡ್ಯದವರ ಹೊಲಕ್ಕೆ ನೀರು ಕೊಡುವ ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾದಾಗ ಕಲ್ಲಿನ ನಡುವೆ ಹಾಕಿದ್ದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯನ್ನು. ಅದು ಇಂದಿಗೂ 124.80 ಅಡಿಯವರೆಗೆ ನೀರು ಹಿಡಿದು ನಿಂತಿದೆ.

ಈಗ ತೋಟದ ಮಾತು. ತೋಟ ಕಾರಣವೇ ಎಂದರೆ, ಅರ್ಧ ಹೌದು. ನೀವು ಕೊಟ್ಟ ಲೆಕ್ಕವನ್ನು ನಾನು ಕೂಡಿ ನೋಡಿದೆ. ಒದ್ದೆ ಮಣ್ಣು ತುಂಬಿದ ಇಪ್ಪತ್ತು ಲೀಟರಿನ ಬಕೆಟ್ಟು ಸುಮಾರು 30 ಕಿಲೋ, ನೂರು ಲೀಟರಿನ ಡ್ರಮ್ಮು ಸುಮಾರು 150 ಕಿಲೋ. ಸಣ್ಣ ಕುಂಡಗಳನ್ನೂ ಸೇರಿಸಿದರೆ ಒಟ್ಟು ಎರಡೂವರೆ ಟನ್. ಇಂದಿನ ಲೆಕ್ಕದಲ್ಲಿ ಜನ ಓಡಾಡುವ ತಾರಸಿಗೆ ಚದರ ಮೀಟರಿಗೆ 150 ಕಿಲೋ ಹೆಚ್ಚುವರಿ ಭಾರ ಹಿಡಿಯುತ್ತೇವೆ; ನಿಮ್ಮ ಒಂದು ಡ್ರಮ್ಮು ಅಷ್ಟೇ ಭಾರವನ್ನು ಕಾಲು ಚದರ ಮೀಟರಿನಲ್ಲಿ ಹೇರುತ್ತಿದೆ. ನೀರು ಹೋಗುವ ಬಾಯಿ ಕಟ್ಟಿಕೊಂಡು ಹತ್ತಡಿ ಉದ್ದ ಹತ್ತಡಿ ಅಗಲದ ಜಾಗದಲ್ಲಿ ಒಂದೇ ಅಂಗುಲ ನೀರು ನಿಂತರೂ ಇನ್ನೂ 235 ಕಿಲೋ ಸೇರುತ್ತದೆ. ಮಳೆ ನೆನೆದ ಹಳೆಯ ಕಟ್ಟಡವನ್ನು ಹಗುರವಾಗಿ ತೆಗೆದುಕೊಳ್ಳಬಾರದೆಂಬುದನ್ನು ಮೈಸೂರಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಪ್ರಾಣಹಾನಿಯಾದದ್ದು ನಮಗೆಲ್ಲ ನೆನಪಿದೆ.

ಆದ್ದರಿಂದ ಈ ವಾರವೇ ಎಂಟು ಡ್ರಮ್ಮುಗಳನ್ನೂ ಕೆಳಗಿಳಿಸಿ. ಮಣ್ಣನ್ನು ಚೀಲಕ್ಕೆ ತೋಡಿಕೊಂಡು ಇಳಿಸಿ, ತುಂಬಿದ ಡ್ರಮ್ಮನ್ನು ಎಳೆಯಬೇಡಿ. ಬಕೆಟ್ಟುಗಳನ್ನು ಕೋಣೆಯ ನಡುವಿನಿಂದ ತೆಗೆದು, ಕೆಳಗೆ ಗೋಡೆಯಿರುವ ಸಾಲಿನ ಮೇಲೆ ಜೋಡಿಸಿ. ಚಪ್ಪರದ ಅವರೆ ಬಕೆಟ್ಟುಗಳಲ್ಲೇ ಇದ್ದರೆ ಅದನ್ನು ಮುಟ್ಟಬೇಕಾಗಿಲ್ಲ.

ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಊಹಿಸದೆ ನೋಡಿ ತಿಳಿಯೋಣ. ಒಂದಡಿ ಚದರದ ಪಾಲಿಥೀನ್ ಹಾಳೆಗಳನ್ನು ಒಳಗೋಡೆಯ ಎರಡು ಮೂರು ಕಡೆ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮುಂದೆ, ಕೋಣೆಯ ಕಡೆ ಕಟ್ಟಿದರೆ ಅದು ಅಡುಗೆಯ ಹಬೆ. ತಾರಸಿಯ ಮೇಲೆ ಹೋಗಿ ನೀರಿನ ಬಾಯಿ, ಕೈಪಿಡಿ ಗೋಡೆ ತಾರಸಿಗೆ ಸೇರುವ ಮೂಲೆ ಮತ್ತು ಎಲ್ಲಾದರೂ ಅರಳಿ ಸಸಿ ಹುಟ್ಟಿದೆಯೇ ಎಂಬುದನ್ನು ನೋಡಿ. ಒಳಗಿನಿಂದ, ಜಂತೆ ಗೋಡೆಯೊಳಗೆ ಹೋಗುವ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಒಳ್ಳೆಯ ತೇಗ ಟಕ್ಕೆನ್ನುತ್ತದೆ, ಕೊಳೆತದ್ದು ಬೆಲ್ಲದ ಹಾಗೆ ಒಳಕ್ಕೆ ಬಿಟ್ಟುಕೊಡುತ್ತದೆ. ಒಂದು ತುದಿ ಮೆತ್ತಗಿದ್ದರೂ ಅದರಡಿ ಆಸರೆ ಕಂಬ ಕೊಟ್ಟು, ಒಬ್ಬ ಎಂಜಿನಿಯರನ್ನು ಕರೆಸಿ ತೋರಿಸಿ.

ಇನ್ನೊಂದು ಮಾತು, ಇದನ್ನು ಮೊದಲೇ ಹೇಳಬೇಕಿತ್ತು. ಆ ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡು ಅಥವಾ ತಂತಿ ಇದ್ದರೆ ಈಗಲೇ ಆ ಸಾಲಿನ ವಿದ್ಯುತ್ತನ್ನು ತಪ್ಪಿಸಿ. ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದೊಡನೆ ಸರಬರಾಜನ್ನು ತಾನೇ ಕಡಿಯುವ ಸ್ವಿಚ್, ಇಲ್ಲದಿದ್ದರೆ ಬೇರೆ ಯಾವ ಖರ್ಚಿಗೂ ಮೊದಲು ಅದನ್ನು ಹಾಕಿಸಿ.

ದೊಡ್ಡಪತ್ರೆ | ಸರಸ್ವತಿಪುರಂ, ಮೈಸೂರು | ಅಕ್ಟೋಬರ್ 20

ನಾನು ವೈದ್ಯೆ. ಆದರೆ ರೋಗಿಯನ್ನು ನೋಡದೆ ಔಷಧ ಹೇಳುವುದು ಸರಿಯಲ್ಲವಾದ್ದರಿಂದ, ನಿಮ್ಮ ವೈದ್ಯರ ಬಳಿ ಏನು ಕೇಳಬೇಕೆಂಬುದನ್ನಷ್ಟೇ ಹೇಳುತ್ತೇನೆ.

ಬೂಷ್ಟಿನ ಕಣಗಳು ಕೆಲವರಲ್ಲಿ ಕೆಮ್ಮು ಮತ್ತು ಉಬ್ಬಸ ತರುತ್ತವೆ ಎಂಬುದು ನಿಜ. ಅಮ್ಮನ ಹಾಸಿಗೆಯನ್ನು ಇವತ್ತೇ ಬಿಸಿಲು ಗಾಳಿ ಬರುವ ಮುಂದಿನ ಕೋಣೆಗೆ ಬದಲಿಸಿ. ಆದರೆ ಗೋಡೆ ಕಣ್ಣೆದುರಿಗೆ ಇದೆಯೆಂದು ಕೆಮ್ಮಿನ ಹೊಣೆಯನ್ನೆಲ್ಲ ಅದರ ಮೇಲೆ ಹೊರಿಸಿ ಸುಮ್ಮನಾಗಬೇಡಿ. ಎರಡು ವಾರ ದಾಟಿದ ಯಾವುದೇ ಕೆಮ್ಮಿಗೆ ನಮ್ಮ ದೇಶದಲ್ಲಿ ಕಫದ ಪರೀಕ್ಷೆ ಆಗಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಕ್ಷಯದ ಸಂಭವ ಹೆಚ್ಚು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಆಸ್ಪತ್ರೆಯನ್ನೇ ಕಟ್ಟಿದ ಊರು ನಮ್ಮದು, ಆ ಕಾಯಿಲೆಯ ಹೆಸರು ಹೇಳಲು ಇಲ್ಲಿ ಯಾರೂ ಸಂಕೋಚಪಡಬೇಕಾಗಿಲ್ಲ.

ಎರಡನೆಯದು, ಅಮ್ಮ ತೆಗೆದುಕೊಳ್ಳುವ ರಕ್ತದೊತ್ತಡದ ಮಾತ್ರೆಯ ಪಟ್ಟಿಯ ಹಿಂಬದಿಯನ್ನು ಓದಿ. ರಾಮಿಪ್ರಿಲ್, ಎನಾಲಾಪ್ರಿಲ್, ಹೀಗೆ 'ಪ್ರಿಲ್' ಎಂದು ಕೊನೆಯಾಗುವ ಮಾತ್ರೆಗಳು ಕೆಲವರಲ್ಲಿ ಗಂಟಲು ಕೆರೆಯುವ ಒಣಕೆಮ್ಮನ್ನು ತರುತ್ತವೆ. ಮಾತ್ರೆ ಶುರುವಾಗಿ ವಾರಗಳು, ತಿಂಗಳುಗಳು ಕಳೆದ ಮೇಲೂ ಅದು ಬರಬಹುದು. ಹಾಗಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರಿಗೆ ತಿಳಿಸಿದರೆ ಬೇರೆ ಗುಂಪಿನ ಮಾತ್ರೆ ಬರೆದುಕೊಡುತ್ತಾರೆ, ಕೆಮ್ಮು ಕೆಲವು ವಾರಗಳಲ್ಲಿ ಇಳಿಯುತ್ತದೆ.

ಮೂರನೆಯದು ನಮ್ಮ ಹವ್ಯಾಸಕ್ಕೆ ಸೇರಿದ್ದು. ಅಮ್ಮ ಕಾಂಪೋಸ್ಟ್ ಡಬ್ಬಿಯನ್ನು ಕೆದಕುತ್ತಾರೆಯೇ? ಒಣಗಿದ ಕಾಂಪೋಸ್ಟಿನ ಧೂಳಿನಲ್ಲಿ ಶಿಲೀಂಧ್ರದ ಕಣಗಳು ತುಂಬಿರುತ್ತವೆ, ಪಾರಿವಾಳದ ಹಿಕ್ಕೆಯೂ ಶ್ವಾಸಕೋಶಕ್ಕೆ ಕೆಟ್ಟದ್ದು. ಸದ್ಯಕ್ಕೆ ಆ ಕೆಲಸ ಅವರದಾಗದಿರಲಿ. ನೀವು ಮಾಡುವಾಗಲೂ ಸ್ವಲ್ಪ ನೀರು ಚಿಮುಕಿಸಿ, ಎನ್-95 ಮುಖಗವಸು ಹಾಕಿಕೊಳ್ಳಿ. ಗೋಡೆಯ ಬೂಷ್ಟನ್ನು ಒಣಪೊರಕೆಯಿಂದ ಗುಡಿಸಬೇಡಿ, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ಆ ಬಟ್ಟೆಯನ್ನು ಎಸೆಯಿರಿ.

ಕೆರಗೋಡಿನ ರಾಗಿ | ಮಂಡ್ಯ | ಅಕ್ಟೋಬರ್ 20

ಊಟದ ವಿಷಯಕ್ಕೆ ನಾನು ಬರುತ್ತೇನೆ. ಕೊಬ್ಬರಿ ಮತ್ತು ಕಡಲೆಕಾಯಿ ಬೀಜವನ್ನು ಎರಡನೆಯ ಯೋಚನೆಯಿಲ್ಲದೆ ಎಸೆಯಿರಿ. ಬೂಷ್ಟು ಹಿಡಿದ ಭಾಗ ಕೆತ್ತಿ ಉಳಿದದ್ದನ್ನು ಚಟ್ನಿಗೆ ಹಾಕುವ ರೂಢಿ ನಮ್ಮ ಮನೆಗಳಲ್ಲಿದೆ, ಅದು ತಪ್ಪು. ಕಡಲೆಕಾಯಿ ಕೊಬ್ಬರಿಗಳಲ್ಲಿ ಬೆಳೆಯುವ ಹಸಿರು ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಡಬಲ್ಲದು. ಅದು ಯಕೃತ್ತಿಗೆ ಕೆಡುಕು, ಮತ್ತು ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಹಸುವಿಗೆ ಹಾಕೋಣವೆಂದೂ ಯೋಚಿಸಬೇಡಿ, ಹಾಲಿನ ಮೂಲಕ ಅದು ಮನುಷ್ಯರಿಗೇ ಮರಳಿ ಬರುತ್ತದೆ. ಮುಗ್ಗಿದ ಹಿಟ್ಟನ್ನೂ ಉಳಿಸಿಕೊಳ್ಳಬೇಡಿ.

ರಾಗಿಯನ್ನು ಹಿಟ್ಟು ಮಾಡಿಸಿ ತಿಂಗಳುಗಟ್ಟಲೆ ಇಡುವುದೇ ಪೇಟೆಯಲ್ಲಿ ಬಂದ ಅಭ್ಯಾಸ. ಕಾಳಾಗಿದ್ದರೆ ರಾಗಿಯಂಥ ಗಟ್ಟಿ ಧಾನ್ಯ ಇನ್ನೊಂದಿಲ್ಲ. ಅಷ್ಟು ಸಣ್ಣ ಕಾಳನ್ನು ಹುಳು ಕೊರೆದು ಒಳಗೆ ಸೇರುವುದು ಕಷ್ಟ. ನಮ್ಮ ತಾತನ ಮನೆಯ ಮುಂದೆ ಹಗೇವು ಇತ್ತು. ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿದ ಗುಂಡಿ; ಒಳಗೆ ಸುತ್ತಲೂ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಗಾಳಿ ಕೆಟ್ಟು, ಹುಳು ಬದುಕುತ್ತಿರಲಿಲ್ಲ. ಅದೇ ಗಾಳಿ ಮನುಷ್ಯರಿಗೂ ಅಪಾಯವಾದ್ದರಿಂದ ಬಾಯಿ ತೆರೆದ ದಿನ ಯಾರೂ ಇಳಿಯುತ್ತಿರಲಿಲ್ಲ. ಮಾರನೆಯ ದಿನ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ತಾತ ಇಳಿಯುತ್ತಿದ್ದರು. ಹಾಗೆ ತೆಗೆದ ನಾಲ್ಕು ವರ್ಷದ ಹಳೆಯ ರಾಗಿಯ ಮುದ್ದೆಯನ್ನು ನಾನು ಉಂಡಿದ್ದೇನೆ.

ನೀವು ಹಗೇವು ತೋಡಬೇಕಾಗಿಲ್ಲ. ಕಾಳನ್ನು ಬಿಸಿಲಿಗೆ ಹರಡಿ, ಹಲ್ಲಿಗೆ ಹಾಕಿದರೆ ಕಟಕ್ಕೆನ್ನುವಷ್ಟು ಒಣಗಿಸಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಟ್ಟು, ಹದಿನೈದು ದಿನಕ್ಕಾಗುವಷ್ಟನ್ನು ಮಾತ್ರ ಬೀಸಿಸಿ. ಡಬ್ಬಿಗಳನ್ನು ಗೋಡೆಯಿಂದ ಒಂದು ಗೇಣು ದೂರ, ಮಣೆಯ ಮೇಲೆ ಇಡಿ.

ಅಮ್ಮನಿಗೆ ರಾಗಿ ಒಳ್ಳೆಯದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿ ಗ್ರಾಂ ಸುಣ್ಣದ ಅಂಶವಿದೆ, ಆ ವಯಸ್ಸಿನ ಮೂಳೆಗೆ ಅದು ಬೇಕು. ಆದರೆ ಸಕ್ಕರೆ ಇರುವವರು ರಾಗಿಯನ್ನು ಎಷ್ಟು ತಿಂದರೂ ಆದೀತೆಂಬ ನಂಬಿಕೆ ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಸಣ್ಣ ಮುದ್ದೆ, ಅದರ ಜೊತೆ ಬಟ್ಟಲು ತುಂಬ ಸೊಪ್ಪು ಕಾಳಿನ ಬಸ್ಸಾರು ಮತ್ತು ಪಲ್ಯ, ಹೀಗಿರಲಿ. ಡ್ರಮ್ಮುಗಳನ್ನು ಇಳಿಸುವಾಗ ದಂಟು, ಕೀರೆ, ಹೊನಗೊನ್ನೆಗಳನ್ನು ಬಿಡಬೇಡಿ. ಅವು ಅರ್ಧ ಅಡಿ ಮಣ್ಣಿನ ಹಗುರ ಟ್ರೇಗಳಲ್ಲೇ ಚೆನ್ನಾಗಿ ಬರುತ್ತವೆ. ರಾತ್ರಿ ಕೆಮ್ಮಿಗೆ ಮೆಣಸು ಜೀರಿಗೆಯ ಬಿಸಿ ಸಾರು ಗಂಟಲಿಗೆ ಹಿತ ಕೊಡುತ್ತದೆ, ಅಷ್ಟೇ. ಡಾಕ್ಟರು ಹೇಳಿದ ಪರೀಕ್ಷೆಗೆ ಅದು ಬದಲಿಯಲ್ಲ.

ಅವರೆಚಪ್ಪರ | ಚಾಮರಾಜಪುರಂ, ಮೈಸೂರು | ನವೆಂಬರ್ 10

ಎಲ್ಲರಿಗೂ ಕೃತಜ್ಞತೆಗಳು. ನೀವು ಹೇಳಿದ್ದನ್ನು ಒಂದೊಂದಾಗಿ ಮಾಡಿ, ಕಂಡದ್ದನ್ನು ಬರೆಯುತ್ತಿದ್ದೇನೆ.

ಅಮ್ಮ ತೆಗೆದುಕೊಳ್ಳುತ್ತಿದ್ದುದು ರಾಮಿಪ್ರಿಲ್; ಆಗಸ್ಟಿನಲ್ಲಿ ಹೊಸದಾಗಿ ಶುರುವಾಗಿತ್ತು. ನಮಗೆ ಅದು ಹೊಳೆದೇ ಇರಲಿಲ್ಲ. ಎಕ್ಸ್‌ರೇ ಚೆನ್ನಾಗಿದೆ, ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ವೈದ್ಯರು ಮಾತ್ರೆ ಬದಲಿಸಿ ಇಂದಿಗೆ ಹದಿನೇಳು ದಿನ. ಹಗಲಿನ ಕೆಮ್ಮು ನಿಂತಿದೆ, ರಾತ್ರಿ ಒಂದೆರಡು ಸಲ ಉಳಿದಿದೆ. ಮುಂದಿನ ಕೋಣೆಯಲ್ಲಿ ಮಲಗಿದ ರಾತ್ರಿಗಳಲ್ಲಿ ಅದೂ ಕಡಿಮೆ. ಒಂದು ದಿನ ಹಳೆಯ ಕೋಣೆಗೆ ಮರಳಿದಾಗ ಮತ್ತೆ ಹೆಚ್ಚಾಯಿತು. ಹಾಗಾಗಿ ಮಾತ್ರೆಯದೂ ಗೋಡೆಯದೂ ಎರಡರ ಪಾಲೂ ಇದ್ದಿರಬೇಕೆಂದು ವೈದ್ಯರು ಹೇಳಿದರು.

ಪಾಲಿಥೀನ್ ಹಾಳೆಗಳಲ್ಲಿ ಈಶಾನ್ಯ ಮೂಲೆಯದರ ಹಿಂದೆ ಹನಿ ಸಾಲುಗಟ್ಟಿತ್ತು, ಒಲೆಯ ಪಕ್ಕದ್ದರ ಮುಂದೆ ಕಟ್ಟಿತ್ತು. ಹಬೆಗೆ ಹೊಗೆ ಫ್ಯಾನು ಹಾಕಿಸಿದೆ. ತಾರಸಿಯ ಮೇಲೆ ಎಂಟನೆಯ ಡ್ರಮ್ಮನ್ನು ಸರಿಸಿದಾಗ ಅದರ ತಳದ ಅಳತೆಗೆ ಸರಿಯಾಗಿ ಒಂದು ಕಪ್ಪು ಉಂಗುರ ಕಂಡಿತು. ಆ ಉಂಗುರದುದ್ದಕ್ಕೂ ಬಿಳಿಯ ಲೇಪ ಒಡೆದು, ಬಿರುಕಿನೊಳಗೆ ಬಿಳಿ ಬೇರುಗಳು ದಾರದಂತೆ ಇಳಿದಿದ್ದವು. ಡ್ರಮ್ಮಿನ ಹಿಂದೆ ಕೈಪಿಡಿ ಗೋಡೆಯ ಸಂದಿನಲ್ಲಿ ನಾವು ಯಾರೂ ನೋಡದ ಅರಳಿ ಸಸಿಯೊಂದು ಮೊಳಕೈ ಎತ್ತರ ಬೆಳೆದಿತ್ತು. ನೀರಿನ ಬಾಯಿ ಮಣ್ಣು ಎಲೆಗಳಿಂದ ಮುಕ್ಕಾಲು ಮುಚ್ಚಿತ್ತು. ಪುಣ್ಯಕ್ಕೆ ಹದಿಮೂರು ಜಂತೆಗಳ ತುದಿಗಳೂ ಟಕ್ಕೆಂದವು. ಸದ್ಯಕ್ಕೆ ಬಿರುಕಿನ ಜಾಗಕ್ಕೆ ಇಳಿಜಾರಾಗಿ ಟಾರ್ಪಾಲು ಕಟ್ಟಿದ್ದೇವೆ. ಇನ್ನು ಕೆಲಸ ಮಾಡಿಸುವುದು ಹೇಗೆ, ಯಾವಾಗ ಎಂಬುದನ್ನು ಗಾರೆ ಕೆಲಸ ಮಾಡಿಸಿದವರು ಯಾರಾದರೂ ಹೇಳಬಲ್ಲಿರಾ?

ಸುಣ್ಣದ ತಿಳಿ | ಅಗ್ರಹಾರ, ಮೈಸೂರು | ನವೆಂಬರ್ 12

ನಾಲ್ಕು ವರ್ಷದ ಹಿಂದೆ ನಮ್ಮ ಮನೆಯ ಮದ್ರಾಸ್ ತಾರಸಿಗೆ ಇದೇ ಕೆಲಸ ಮಾಡಿಸಿದೆ. ಆಗ ಕಲಿತದ್ದನ್ನೆಲ್ಲ ಹೇಳುತ್ತೇನೆ.

ಸಂಕ್ರಾಂತಿಗೆ ಮೊದಲು ಮುಟ್ಟಬೇಡಿ. ಸ್ವಾತಿ ಮಳೆಯಲ್ಲಿ ನೆನೆದ ಹಾಸು ಒಳಗಿನವರೆಗೆ ಆರಲು ಎರಡು ತಿಂಗಳಾದರೂ ಬೇಕು. ಜನವರಿಯ ನಡುವಿನಿಂದ ಮಾರ್ಚಿಯವರೆಗೆ ನಮ್ಮ ಊರಿನಲ್ಲಿ ಮಳೆಯ ಭಯ ಕಡಿಮೆ. ಯುಗಾದಿಯ ಹೊತ್ತಿಗೆ ಮುಗಿಸಿಬಿಡಬೇಕು, ಆಮೇಲೆ ಅಶ್ವಿನಿ ಭರಣಿಗಳ ಗುಡುಗು ಮಳೆ ಬಂದುಬಿಡುತ್ತದೆ.

ಆದರೆ ಸುಣ್ಣವನ್ನು ಡಿಸೆಂಬರಿನಲ್ಲೇ ನೆನೆಹಾಕಿ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದಾಗ ಅದು ಕೊತಕೊತ ಕುದಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮೂರು ವಾರ ಬಿಟ್ಟರೆ ಬೆಣ್ಣೆಯಂತಾಗುತ್ತದೆ. ನಾವು ಬಳಸಿದ ಅಳತೆ ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಮರಳು. ಸುರ್ಕಿಗೆ ಚೆನ್ನಾಗಿ ಬೆಂದ ಇಟ್ಟಿಗೆಯನ್ನೇ ಪುಡಿ ಮಾಡಿಸಿ, ಬೂದಿ ಬೆರೆತದ್ದನ್ನು ತೆಗೆದುಕೊಳ್ಳಬೇಡಿ.

ಹಳೆಯ ಸಿಮೆಂಟನ್ನು ಒಡೆಯಲು ಯಂತ್ರ ತರುತ್ತೇವೆಂದು ಕೆಲಸದವರು ಹೇಳುತ್ತಾರೆ. ಒಪ್ಪಬೇಡಿ. ಆ ನಡುಕಕ್ಕೆ ಕೆಳಗಿನ ಓರೆ ಇಟ್ಟಿಗೆಗಳು ಸಡಿಲವಾಗುತ್ತವೆ. ಉಳಿ ಸುತ್ತಿಗೆಯಿಂದ, ಅಂಗೈ ಅಗಲದ ಚೂರುಗಳಾಗಿ ಎಬ್ಬಿಸಬೇಕು. ನಮ್ಮಲ್ಲಿ ಇಬ್ಬರಿಗೆ ನಾಲ್ಕು ದಿನ ಹಿಡಿಯಿತು. ಸಿಮೆಂಟಿನ ಪದರ ಎದ್ದ ಮೇಲೆ ಅಡಿಯಲ್ಲಿ ತಾತನ ಕಾಲದ ಗಾರೆ ಕಾಣುತ್ತದೆ, ನಸುಗೆಂಪು ಬಣ್ಣದ್ದು. ನಮ್ಮ ಮೇಸ್ತ್ರಿ ಅದರ ಮೇಲೆ ಅಂಗೈ ಇಟ್ಟು, ಇದು ಇನ್ನೂ ಚೆನ್ನಾಗಿದೆ, ಸುಮ್ಮನೆ ಮುಚ್ಚಿಟ್ಟಿದ್ದರು ಎಂದರು. ಕೆಟ್ಟ ಜಾಗವನ್ನು ಮಾತ್ರ ತೆಗೆದು, ಉಳಿದದ್ದನ್ನು ಉಳಿಸಿಕೊಂಡೆವು. ಅರಳಿ ಸಸಿಯನ್ನು ಎಳೆಯಬೇಡಿ, ತುಂಡಾದ ಬೇರು ಮತ್ತೆ ಚಿಗುರುತ್ತದೆ. ಸಂದಿನ ಗಾರೆ ಬಿಡಿಸಿ ಬೇರನ್ನು ಕೊನೆಯವರೆಗೆ ತೆಗೆದು, ಸುರ್ಕಿ ಗಾರೆಯಿಂದ ತುಂಬಿಸಿ.

ಹೊಸ ಇಟ್ಟಿಗೆ ಜಲ್ಲಿಯ ಹಾಸನ್ನು ಬಡಿಯುವುದೇ ಈ ಕೆಲಸದ ಜೀವ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತಾ, ಮರದ ಕೊಡತಿಗಳಿಂದ ಐದು ಜನ ಸಾಲಾಗಿ ಕುಳಿತು ಬಡಿದರು. ಮೊದಲ ದಿನ ಕೊಡತಿ ಧಪ್ ಎಂದು ಹೂತುಕೊಳ್ಳುತ್ತದೆ. ದಿನ ಕಳೆದಂತೆ ಸದ್ದು ಬದಲಾಗುತ್ತದೆ. ಆರನೆಯ ದಿನ ಮಧ್ಯಾಹ್ನ ಕೊಡತಿ ಹಾಸಿನಿಂದ ಪುಟಿದು ಮೇಲಕ್ಕೆ ಬರತೊಡಗಿತು, ಕೆಳಗೆ ಅಡುಗೆಮನೆಯಲ್ಲಿ ನಿಂತ ನನಗೂ ಆ ಟಣ್ ಟಣ್ ಕೇಳಿಸಿತು. ಅಲ್ಲಿಗೆ ನಿಲ್ಲಿಸಬೇಕು. ಮೇಲೆ ಎರಡು ಸುತ್ತು ಚಪ್ಪಟೆ ಬಿಲ್ಲೆಗಳನ್ನು, ಕೆಳಗಿನ ಸಂದು ಮೇಲಿನದಕ್ಕೆ ತಾಗದಂತೆ ಕೂರಿಸಿ, ಒದ್ದೆ ಗೋಣಿತಾಟು ಹೊದಿಸಿ ಎರಡು ವಾರ ಆರಗೊಡದೆ ನೋಡಿಕೊಂಡೆವು. ಸುಣ್ಣ ಗಾಳಿಯನ್ನು ಕುಡಿದು ಮತ್ತೆ ಕಲ್ಲಾಗುವ ವಸ್ತು, ಅದಕ್ಕೆ ಅವಸರ ಆಗದು.

ಒಳಗೋಡೆಯಲ್ಲಿ ತೇವದ ಗುರುತಿನಿಂದ ಒಂದಡಿ ಆಚೆಯವರೆಗೂ ಸಿಮೆಂಟನ್ನು ಕಿತ್ತುಬಿಡಿ. ಇದನ್ನು ಮಾತ್ರ ಈಗಲೇ ಮಾಡಬಹುದು, ಸಂಕ್ರಾಂತಿಯ ಹೊತ್ತಿಗೆ ಇಟ್ಟಿಗೆ ಆರಿರುತ್ತದೆ. ಮೇಲೆದ್ದ ಉಪ್ಪನ್ನು ನೀರಿನಿಂದ ತೊಳೆದರೆ ಮತ್ತೆ ಒಳಗೇ ಹೋಗುತ್ತದೆ. ಮುಖಗವಸು ಹಾಕಿಕೊಂಡು ಒಣ ಬ್ರಷ್ಷಿನಿಂದ ತೆಗೆದು, ಕಾಗದದಲ್ಲಿ ಹಿಡಿದು ಆಚೆ ಹಾಕಿ. ಡಾಕ್ಟರು ಒದ್ದೆ ಬಟ್ಟೆಯಿಂದ ಒರಸಿ ಎಂದದ್ದು ಬೂಷ್ಟಿಗೆ. ಆ ಜಾಗವನ್ನು ಮೊದಲು ಒರಸಿ, ಆರಿದ ಮೇಲೆ ಉಪ್ಪಿಗೆ ಕೈಹಾಕಿ. ಆಮೇಲೆ ಸುಣ್ಣದ ಗಾರೆ, ಅದರ ಮೇಲೆ ಬರಿಯ ಸುಣ್ಣ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭಕ್ಕೆ ಬೇರೂರುವುದಿಲ್ಲ.

ನಮ್ಮ ಕೆಲಸದ ಒಂದು ತಪ್ಪನ್ನೂ ಹೇಳಬೇಕು. ಬಿಲ್ಲೆ ಕೂರಿಸಿದ ತಿಂಗಳಿಗೇ ಕುಂಡಗಳನ್ನು ಮೇಲಕ್ಕೆ ಹತ್ತಿಸಿದೆ, ಎರಡು ಕಡೆ ಸಂದು ಬಿಟ್ಟಿತು. ಮತ್ತೆ ಗಾರೆ ತುಂಬಬೇಕಾಯಿತು. ಒಂದು ಮಳೆಗಾಲ ಕಳೆಯುವವರೆಗೆ ತಾರಸಿಯನ್ನು ಖಾಲಿ ಬಿಡಿ.

ತೊಲೆಜಂತೆ | ಕುವೆಂಪುನಗರ, ಮೈಸೂರು | ನವೆಂಬರ್ 12

ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಎರಡೇ ಸೇರಿಸುತ್ತೇನೆ. ಹಾಸು ಹಾಕುವಾಗ ನೀರಿನ ಬಾಯಿಯ ಕಡೆಗೆ ಪ್ರತಿ ಐದಡಿಗೆ ಒಂದು ಅಂಗುಲದ ಇಳಿಜಾರು ಇರುವಂತೆ ದಾರ ಕಟ್ಟಿ ನೋಡಿಕೊಳ್ಳಿ. ಮುಂದೆ ತೋಟ ಮತ್ತೆ ಮೇಲೆ ಹೋದಾಗ ಕುಂಡಗಳು ನೆಲಕ್ಕೆ ತಾಗಬಾರದು; ಗೋಡೆಯ ಸಾಲಿನ ಮೇಲೆ ಕಾಲೂರುವ, ಒಂದಡಿ ಎತ್ತರದ ಕಬ್ಬಿಣದ ಚೌಕಟ್ಟು ಮಾಡಿಸಿದರೆ ಅಡಿಯಲ್ಲಿ ಪೊರಕೆ ಆಡುತ್ತದೆ, ಬಿಸಿಲು ಗಾಳಿ ಆಡುತ್ತವೆ, ಬಿರುಕು ಬಿಟ್ಟರೆ ಕಣ್ಣಿಗೆ ಬೀಳುತ್ತದೆ. ಡ್ರಮ್ಮುಗಳು ಹಿತ್ತಲಿನಲ್ಲೇ ಇರಲಿ.

ಅವರೆಚಪ್ಪರ | ಚಾಮರಾಜಪುರಂ, ಮೈಸೂರು | ಜನವರಿ 5

ಒಳಗೋಡೆಯ ಸಿಮೆಂಟನ್ನು ನವೆಂಬರಿನಲ್ಲೇ ಕಿತ್ತೆವು. ಇಟ್ಟಿಗೆ ಮೊದಲು ಕಡುಗೆಂಪಾಗಿತ್ತು, ಈಗ ಮಾಸಿದ ಕಾವಿಯ ಬಣ್ಣಕ್ಕೆ ಬಂದಿದೆ. ಕಳೆದ ವಾರ ಹಚ್ಚಿದ ಪಾಲಿಥೀನ್ ಹಾಳೆಯ ಹಿಂದೆ ಒಂದು ಹನಿಯೂ ಕಟ್ಟಲಿಲ್ಲ. ಅಮ್ಮನ ಕೆಮ್ಮು ಪೂರ್ತಿ ನಿಂತಿದೆ. ಸುಣ್ಣವನ್ನು ಡಿಸೆಂಬರ್ 15ರಂದು ಹಿತ್ತಲಿನ ತೊಟ್ಟಿಯಲ್ಲಿ ನೆನೆಹಾಕಿದ್ದೇವೆ, ಮೇಲೆ ನಾಲ್ಕು ಬೆರಳು ನೀರಿದೆ. ಕೆರಗೋಡಿನವರು ಹೇಳಿದಂತೆ ರಾಗಿ ಈಗ ನಮ್ಮಲ್ಲಿ ಕಾಳಾಗಿಯೇ ಇರುತ್ತದೆ.

ಅವರೆ ಈ ವರ್ಷ ಬಕೆಟ್ಟುಗಳಲ್ಲೇ ಚೆನ್ನಾಗಿ ಕಾಯಿ ಹಿಡಿಯಿತು. ನಿನ್ನೆ ಅಮ್ಮ ಮುಂದಿನ ಕೋಣೆಯ ಕಿಟಕಿಯ ಬಳಿ ಕುಳಿತು ಒಂದು ಪಾತ್ರೆ ಹಿತಕ ಬೇಳೆ ಮಾಡಿದರು. ಬಲಿತ ಕಾಯಿಗಳನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಬಿಟ್ಟಿದ್ದೇವೆ. ಸಂಕ್ರಾಂತಿಯ ದಿನ ಬೇಯಿಸುವುದಕ್ಕೆ ಉಳಿದ ಹಸಿಕಾಯಿಗಳನ್ನು ಕಿತ್ತು, ಮಾರನೆಯ ದಿನ ಚಪ್ಪರ ಬಿಚ್ಚುತ್ತೇವೆ. ಅದಕ್ಕೆ ಅಮ್ಮನೇ ಒಪ್ಪಿದ್ದಾರೆ. ಮೇಸ್ತ್ರಿ 18ಕ್ಕೆ ಬರುತ್ತಾರೆ. ಅವರ ಬಳಿ ಎರಡೇ ಕೊಡತಿಗಳಿವೆ. ಅಗ್ರಹಾರದವರ ಮನೆಯಲ್ಲಿ ಉಳಿದಿದ್ದರೆ ಇನ್ನು ಮೂರನ್ನು ಒಂದು ವಾರದ ಮಟ್ಟಿಗೆ ಕೊಡಬಲ್ಲಿರಾ?

ಸುಣ್ಣದ ತಿಳಿ | ಅಗ್ರಹಾರ, ಮೈಸೂರು | ಜನವರಿ 5

ನಾಲ್ಕು ಇವೆ. ಒಂದರ ಹಿಡಿ ಸಡಿಲವಾಗಿದೆ, ನೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಬಿಗಿಯಾಗುತ್ತದೆ. 17ರ ಬೆಳಿಗ್ಗೆ ತಂದುಕೊಡುತ್ತೇನೆ.